ಮೂರು ಸೋಲುಗಳ ಲೆಕ್ಕ



ಬಳ್ಳಾರಿಯ ಒಬ್ಬ ನಿವೃತ್ತ ಸಮಾಜ ವಿಜ್ಞಾನದ ಮೇಷ್ಟ್ರಿಗೂ ಸ್ಪೇನ್ ದೇಶದ ಫುಟ್‌ಬಾಲ್ ತರಬೇತುದಾರನಿಗೂ ಎಲ್ಲಿಯ ನಂಟು ಎಂದು ನೀವು ನಗಬಹುದು. ನಂಟು ನಮ್ಮ ಜಿಲ್ಲೆಯಲ್ಲಿಯೇ ಇದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ವಿಜಯನಗರವೆಂಬ ವಸತಿ ನಗರಿಯಿದೆ. (2021ರಲ್ಲಿ ನಮ್ಮಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆ ಬೇರೆ, ಇದು ಬೇರೆ.) ಅಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ಕಾರ್ಖಾನೆಯ ಒಡೆಯರಾದ ಜೆ.ಎಸ್.ಡಬ್ಲ್ಯೂ. ಸಮೂಹದವರೇ 2013ರಲ್ಲಿ ಬೆಂಗಳೂರು ಎಫ್.ಸಿ. ಕ್ಲಬ್ಬನ್ನು ಕಟ್ಟಿದವರು. ಆ ತಂಡವು ಪಂದ್ಯಾವಳಿಗಳಿಗೆ ಮುಂಚಿನ ತಾಲೀಮನ್ನು ಹಲವು ಬಾರಿ ನಮ್ಮ ಬಿಸಿಲಿನಲ್ಲಿಯೇ ನಡೆಸಿದೆ.

ಈ ಕ್ಲಬ್ಬಿಗೆ ಬಂದ ತರಬೇತುದಾರರಲ್ಲಿ ನನ್ನ ಮನಸ್ಸನ್ನು ಹಿಡಿದವರು ಕಾರ್ಲೆಸ್ ಕ್ವಾಡ್ರಾಟ್. 1968ರಲ್ಲಿ ಬಾರ್ಸಿಲೋನಾದಲ್ಲಿ ಜನಿಸಿ, ಅಲ್ಲಿನ ಹೆಸರಾಂತ ಕ್ಲಬ್ಬಿನ ಕಿರಿಯರ ಶಾಲೆಯಲ್ಲಿ ಆಡಿ ಬೆಳೆದವರು. ಆದರೆ ಆಟಗಾರನಾಗಿ ಅದರ ಮೊದಲ ತಂಡದ ಕೀರ್ತಿಗೆ ಏರಲಿಲ್ಲ. ಅನಂತರದ ಬಹುಕಾಲ ಅವರು ಇನ್ನೊಬ್ಬರ ಸಹಾಯಕರಾಗಿಯೇ ದುಡಿದರು. ತುರ್ಕಿಯ ಗಲಾತಸರಾಯ್ ಕ್ಲಬ್ಬಿನಲ್ಲಿ ಸಹಾಯಕ. ಬಳಿಕ ಆಲ್ಬರ್ಟ್ ರೋಕಾ ಎಂಬ ಸ್ಪೇನಿನ ಮತ್ತೊಬ್ಬ ತರಬೇತುದಾರರ ಜೊತೆಯಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ತಂಡಕ್ಕೆ ಸಹಾಯಕ. ತರಗತಿಯಲ್ಲಿ ನಾನು ಭೂಪಟವನ್ನು ತೂಗುಹಾಕಿ ಕೋಲಿನಿಂದ ತೋರಿಸುತ್ತಿದ್ದ ಆ ಪುಟ್ಟ ದೇಶವನ್ನು ಕೆಲವರಾದರೂ ಮರೆತಿರಲಾರಿರಿ.

2016ರಲ್ಲಿ ರೋಕಾ ಬೆಂಗಳೂರಿಗೆ ಬಂದಾಗ ಇವರೂ ಬಂದರು. ಅದೇ ವರ್ಷ ತಂಡವು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು. ಭಾರತದ ಕ್ಲಬ್ಬೊಂದು ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ತಂಡಕ್ಕೆ 1–0 ಅಂತರದಿಂದ ಸೋತರೂ ಹೆಸರು ಉಳಿಯಿತು. 2018ರಲ್ಲಿ ರೋಕಾ ಹೊರಟಾಗ ಸಹಾಯಕನಿಗೆ ಮುಖ್ಯ ಸ್ಥಾನ ದೊರೆಯಿತು. ಆಗ ಕ್ವಾಡ್ರಾಟರಿಗೆ ಐವತ್ತರ ಅಂಚು. ಮೊದಲ ವರ್ಷದಲ್ಲಿಯೇ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ತಂಡದೆದುರು ಹೆಚ್ಚುವರಿ ಅವಧಿಯ ಕೊನೆಯಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು ಗೆದ್ದಿತು.

ಇಷ್ಟಾದರೂ ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸತತ ಮೂರು ಪಂದ್ಯಗಳನ್ನು ಸೋತಾಗ ಕ್ಲಬ್ಬೂ ಅವರೂ ಬೇರೆಯಾದರು. 2023ರಲ್ಲಿ ಅವರು ಕೋಲ್ಕತ್ತಾದ ಈಸ್ಟ್ ಬೆಂಗಾಲಿಗೆ ಬಂದರು. 1920ರಲ್ಲಿ ಸ್ಥಾಪನೆಯಾದ ಆ ಹಳೆಯ ಕ್ಲಬ್ಬು ಹನ್ನೆರಡು ವರ್ಷಗಳಿಂದ ರಾಷ್ಟ್ರಮಟ್ಟದ ಪ್ರಶಸ್ತಿಯಿಲ್ಲದೆ ಬರಗಾಲದಲ್ಲಿತ್ತು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಸೂಪರ್ ಕಪ್ ತಂದುಕೊಟ್ಟರು. ಎಂಟು ತಿಂಗಳು ಕಳೆಯಿತು. ಹೊಸ ಲೀಗಿನ ಮೊದಲ ಮೂರೂ ಪಂದ್ಯಗಳಲ್ಲಿ ಸೋಲು. ಸೆಪ್ಟೆಂಬರ್ 30ರಂದು ಅವರು ರಾಜೀನಾಮೆ ಕೊಟ್ಟರು. ಎರಡು ಕಡೆಯೂ ಕಪ್ಪು ತಂದವರನ್ನು ಎರಡು ಕಡೆಯೂ ಮೂರು ಸೋಲುಗಳೇ ಮನೆಗೆ ಕಳುಹಿಸಿದವು.

ಈ ಲೆಕ್ಕಾಚಾರ ನಮ್ಮ ವೃತ್ತಿಗೆ ಹೊಸದಲ್ಲ. ಕುರುಗೋಡಿನಲ್ಲಿಯೂ ಸಿರುಗುಪ್ಪದಲ್ಲಿಯೂ ಪಾಠ ಹೇಳಿದ ವರ್ಷಗಳಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಿಕ್ಷಕರ ಕೊಠಡಿಯಲ್ಲಿ ಶೇಕಡಾ ಎಷ್ಟು ಎಂಬ ಪ್ರಶ್ನೆಯೊಂದೇ ಕೇಳಿಬರುತ್ತಿತ್ತು. ಬತ್ತದ ನಾಟಿಗೆಂದು ಎರಡು ತಿಂಗಳು ಗೈರುಹಾಜರಾಗಿದ್ದ ಹುಡುಗಿಯನ್ನು ಮತ್ತೆ ಶಾಲೆಗೆ ಕರೆತಂದದ್ದಕ್ಕೆ ಆ ಪಟ್ಟಿಯಲ್ಲಿ ಕಲಮೇ ಇರಲಿಲ್ಲ. ಸರ್ಕಾರಿ ಸೇವೆಯಲ್ಲಿದ್ದ ನಮಗೆ ಹೆಚ್ಚೆಂದರೆ ಒಂದು ನೋಟಿಸು ಬರುತ್ತಿತ್ತು, ಸಂಬಳಕ್ಕೆ ಭಂಗವಿರಲಿಲ್ಲ.

ಆದರೆ ನಿಮ್ಮಲ್ಲೊಬ್ಬನ ಸ್ಥಿತಿ ಹಾಗಲ್ಲ. ಹೆಸರು ಬೇಡ. ಬಿ.ಎಡ್. ಮುಗಿಸಿ ಆರು ವರ್ಷ ಒಂದು ಖಾಸಗಿ ಶಾಲೆಯಲ್ಲಿ ದುಡಿದವನನ್ನು, ಫಲಿತಾಂಶ ಒಂದು ವರ್ಷ ಇಳಿಯಿತೆಂಬ ಕಾರಣಕ್ಕೆ, ಜೂನ್‌ನಿಂದ ಬರಬೇಡವೆಂದರು. "ಸರ್, ಇಷ್ಟು ವರ್ಷ ಕಲಿಸಿದ್ದೆಲ್ಲ ಎಲ್ಲಿ ಹೋಯಿತು?" ಎಂದು ಅವನು ಫೋನಿನಲ್ಲಿ ಕೇಳಿದ. ಸಮಾಧಾನದ ಮಾತುಗಳನ್ನು ಹೇಳಿದೆನಾದರೂ ಅವು ನನಗೇ ಸಾಲದಾದವು. ಅದಕ್ಕಾಗಿಯೇ ಈ ದೂರದ ಕಥೆಯನ್ನು ಬರೆಯುತ್ತಿದ್ದೇನೆ.

ಅವನ ಪ್ರಶ್ನೆಗೆ ಉತ್ತರ ಆ ಮೂರು ಸೋಲುಗಳ ಮೊದಲನೆಯದರಲ್ಲಿಯೇ ಇದೆ. 2024ರ ಸೆಪ್ಟೆಂಬರ್ 14ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕ್ವಾಡ್ರಾಟರ ಈಸ್ಟ್ ಬೆಂಗಾಲನ್ನು 1–0ರಿಂದ ಸೋಲಿಸಿದ್ದು ಅವರದೇ ಹಳೆಯ ಬೆಂಗಳೂರು ತಂಡ. ಗೋಲು ಹೊಡೆದವನು ಕ್ಲಬ್ಬಿನ ಕಿರಿಯರ ತಂಡದಿಂದ ಬಂದ ಹತ್ತೊಂಬತ್ತರ ವಿನಿತ್ ವೆಂಕಟೇಶ್. ಇವನು ಕ್ವಾಡ್ರಾಟರ ಶಿಷ್ಯನಲ್ಲ. ಆದರೆ ಅದೇ ಕ್ಲಬ್ಬಿನ ಸುರೇಶ್ ಸಿಂಗ್ ವಾಂಗ್ಜಮ್ ಅವರ ಕೈಯಲ್ಲಿ ಬೆಳೆದವನು. 2019ರಲ್ಲಿ ಅವನಿಗೂ ಹತ್ತೊಂಬತ್ತೇ ವರ್ಷ; ಆಗ ಹಿರಿಯರ ನಡುವೆ ಅವನನ್ನು ಕಣಕ್ಕಿಳಿಸಿದವರು ಕ್ವಾಡ್ರಾಟ್. ಮುಂದೆ ಅವನು ಭಾರತದ ಹಿರಿಯರ ತಂಡಕ್ಕೂ ಆಡಿದ. ಗುರು ಹೊರಟು ಹೋದ ಮೇಲೆಯೂ ಶಿಷ್ಯನ ಕಾಲಿನಲ್ಲಿ ಕಲಿಕೆ ಉಳಿದಿತ್ತು.

ಸಿರುಗುಪ್ಪದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ನೀರು ಕಾಲುವೆಗೆ ಬಂದೊಡನೆ ಸಸಿಮಡಿ ಹಾಕುತ್ತೇವೆ. ಸಸಿ ಕಿತ್ತು ಬೇರೆ ಗದ್ದೆಗೆ ನಾಟಿ ಮಾಡುತ್ತೇವೆ. ಸುಗ್ಗಿಯಲ್ಲಿ ರಾಶಿ ಬೀಳುವುದು ಆ ಗದ್ದೆಯಲ್ಲಿ. ಸಸಿಮಡಿಯ ತುಂಡು ನೆಲವನ್ನು ಇಳುವರಿಯಿಂದ ಅಳೆಯುವ ರೈತನನ್ನು ನಾನು ಕಂಡಿಲ್ಲ.

ಆದ್ದರಿಂದ, ಕೆಲಸ ಕಳೆದುಕೊಂಡ ನನ್ನ ಶಿಷ್ಯನಿಗೆ ಹೇಳುವುದಿಷ್ಟೇ: ಶೇಕಡಾವಾರು ಪಟ್ಟಿ ಆ ಶಾಲೆಯವರ ಬಳಿಯೇ ಇರಲಿ. ನೀನು ಒಂದು ನೋಟುಬುಕ್ಕು ತೆಗೆದುಕೊಂಡು, ಆರು ವರ್ಷಗಳಲ್ಲಿ ನಿನ್ನಿಂದ ಓದಲು ಕಲಿತವರ ಹೆಸರುಗಳನ್ನು ಒಂದೊಂದಾಗಿ ಬರೆ. ಮುಂದಿನ ಅರ್ಜಿಯನ್ನು ಆಮೇಲೆ ಹಾಕು. ಉಳಿದವರಲ್ಲಿ ಯಾರಿಗಾದರೂ ಬಳ್ಳಾರಿ, ಕುರುಗೋಡು ಸೀಮೆಯ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿಯಿರುವುದು ತಿಳಿದಿದ್ದರೆ ನನಗೊಂದು ಮಾತು ತಿಳಿಸಿ. ಹುಡುಗ ಒಳ್ಳೆಯ ಮೇಷ್ಟ್ರು.