ಇಂಟರ್ವಲ್ಲಿನಲ್ಲಿ ಕಳೆದ ಹುಡುಗರು

ಕನ್ನಡ ಸಿನಿಮಾದಲ್ಲಿ ಹದಿನೇಳು ವರ್ಷದವನಾಗಬೇಕಾದರೆ ವಯಸ್ಸು ಇಪ್ಪತ್ತೇಳಾದರೂ ದಾಟಿರಬೇಕು. ಗಡ್ಡ ನುಣ್ಣಗೆ ಹೆರೆಸಿ, ಕೈಗೊಂದು ನೋಟ್‌ಬುಕ್ಕು ಕೊಟ್ಟು, ಬೈಕಿನ ಮೇಲೆ ಕಾಲೇಜಿನ ಗೇಟಿನೊಳಗೆ ಬಿಟ್ಟರೆ ಆತ ವಿದ್ಯಾರ್ಥಿ. ಆ ನೋಟ್‌ಬುಕ್ಕನ್ನು ಯಾರೂ ತೆರೆದದ್ದನ್ನು ನಾನಂತೂ ಕಂಡಿಲ್ಲ. ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಈ ವಿಷಯದಲ್ಲಿ ನನಗೆ ಒಂಚೂರು ಹೊಟ್ಟೆಯುರಿಯೂ ಇದೆ. ನನ್ನೆದುರು ಬೆಂಚಿನ ಮೇಲೆ ಕೂತವರು ಅಸಲಿ ಹದಿನೇಳರವರು. ಮೀಸೆ ಬರಲೋ ಬೇಡವೋ ಎನ್ನುತ್ತಿದೆ, ದನಿ ಒಡೆದಿದೆ, ಕಿಸೆಯಲ್ಲಿ ಬಸ್‌ಪಾಸು, ಕಣ್ಣಲ್ಲಿ ನಿದ್ದೆ. ಇವರನ್ನು ಬೆಳ್ಳಿತೆರೆಯ ಮೇಲೆ ಹುಡುಕುವುದು ನನಗೊಂದು ಹಳೆಯ ಚಟ.

ಹುಡುಕಿ ಹುಡುಕಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪುನೀತ್ ರಾಜ್‌ಕುಮಾರ್ 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಹತ್ತು ವರ್ಷದ ಹುಡುಗ. ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕೆಂದು ಹೂವು ಮಾರಿ ಕಾಸು ಕೂಡಿಸಿ, ಕೊನೆಗೆ ಮನೆಯವರಿಗೆ ಕಂಬಳಿ ಕೊಂಡು ಬರುವ ರಾಮು. ರಾಷ್ಟ್ರಪ್ರಶಸ್ತಿ ಬಂತು. 1989ರ ‘ಪರಶುರಾಮ್’ ಹೊತ್ತಿಗೆ ಹದಿನಾಲ್ಕು. ಆಮೇಲೆ ತೆರೆ ಬಿತ್ತು. ಮತ್ತೆ ತೆರೆ ಎದ್ದಾಗ 2002, ‘ಅಪ್ಪು’, ವಯಸ್ಸು ಇಪ್ಪತ್ತೇಳು. ವಿಜಯ ರಾಘವೇಂದ್ರರದೂ ಅದೇ ಕಥೆ. 1993ರಲ್ಲಿ ‘ಚಿನ್ನಾರಿ ಮುತ್ತ’, ಮರುವರ್ಷ ‘ಕೊಟ್ರೇಶಿ ಕನಸು’, ಅದಕ್ಕೂ ರಾಷ್ಟ್ರಪ್ರಶಸ್ತಿ. ನಾಯಕನಾಗಿ ಬಂದದ್ದು ಅದೇ 2002ರಲ್ಲಿ, ‘ನಿನಗಾಗಿ’. ನಾಡೇ ಎತ್ತಿ ಆಡಿಸಿದ ಇಬ್ಬರು ಮಕ್ಕಳು ಹದಿಹರೆಯ ಕಳೆದದ್ದು ನಮ್ಮ ಕಣ್ಣಿಗೆ ಬೀಳದ ಕಡೆ. ಮಗು ನಮಗೆ ಬೇಕು, ನಾಯಕನೂ ಬೇಕು. ನಡುವಿನ ಉದ್ದ ಕೈಕಾಲಿನ, ಮೊಡವೆ ಮುಖದ, ಎಲ್ಲದಕ್ಕೂ ಭುಜ ಕುಣಿಸುವ ಪ್ರಾಣಿಗೆ ಇಂಟರ್ವಲ್ ಬಿಟ್ಟುಬಿಡುತ್ತೇವೆ.

ಹುಡುಗಿಯರಿಗಾದರೆ ಆ ಇಂಟರ್ವಲ್ಲೂ ಇಲ್ಲ. 2007ರ ‘ಚೆಲುವಿನ ಚಿತ್ತಾರ’ದಲ್ಲಿ ನಾಯಕಿಯಾದಾಗ ಅಮೂಲ್ಯ ಇನ್ನೂ ಶಾಲೆಗೆ ಹೋಗುವ ವಯಸ್ಸಿನವರು; ಎದುರಿಗೆ ಗಣೇಶ್, ‘ಮುಂಗಾರು ಮಳೆ’ಯಲ್ಲಿ ಆಗಲೇ ನೆಂದು ಬಂದವರು. ಬಾಲನಟಿ ನೇರ ನಾಯಕಿ. ಯಾರಿಗೂ ಇದು ವಿಶೇಷ ಅನಿಸಲಿಲ್ಲ. ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರಲ್ಲಿ ಮಗಳಿಗೆ ಹದಿನಾಲ್ಕು ತುಂಬಿದ ಅಪ್ಪಂದಿರೂ ಇದ್ದಿರಬೇಕು.

ಈಗ ಅಸಲಿ ಹದಿನೇಳರವರು ಬಸ್ಸು ಹತ್ತುವ ಹೆಬ್ಬಳ್ಳಿಗೆ ಬರೋಣ. ಧಾರವಾಡದಿಂದ ಹತ್ತು ಹನ್ನೆರಡು ಕಿಲೋಮೀಟರ್, ಎರಡೂ ಕಡೆ ಎರಿ ಹೊಲ. ಹೆಸರು, ಹತ್ತಿ, ಹಿಂಗಾರಿಗೆ ಕಡಲೆ, ಜೋಳ. ಧಾರವಾಡದಲ್ಲಿ ಒಂದು ಓಣಿಗೇ ಹೆಬ್ಬಳ್ಳಿ ಅಗಸಿ ಎಂದು ಹೆಸರಿದೆ. ಆ ಊರಿನ ದಾರಿ ಪೇಟೆಯೊಳಗೆ ಬರುತ್ತಿದ್ದದ್ದು ಅಲ್ಲಿಂದಲೇ. ಮುಂಜಾನೆಯ ಬಸ್ಸಿನಲ್ಲಿ ಹಾಲಿನ ಕ್ಯಾನು, ಬುತ್ತಿ ಗಂಟು, ಕಚೇರಿಗೆ ಹೋಗುವವರು, ಇವರ ನಡುವೆ ಸಂದಿಗೊಂದಿಯಲ್ಲಿ ನನ್ನ ವಿದ್ಯಾರ್ಥಿಗಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯ ಬಿಟ್ಟಿ ಪ್ರಯಾಣ ಬಂದ ಮೇಲೆ ಹುಡುಗಿಯರು ಆಧಾರ್ ಕಾರ್ಡು ಹಿಡಿದು ಮುಂದಿನ ಸೀಟುಗಳಲ್ಲಿ ರಾಣಿಯರ ಹಾಗೆ ಕೂತಿರುತ್ತಾರೆ. ಪಾಸಿಗೆ ದುಡ್ಡು ಕೊಟ್ಟ ಹುಡುಗರು ಬಾಗಿಲಲ್ಲಿ ಜೋತಾಡುತ್ತಾರೆ. ಯಾರು ಯಾರ ಬ್ಯಾಗು ಹಿಡಿದುಕೊಂಡರು, ಯಾರ ಬ್ಯಾಗನ್ನು ಯಾರು ಮುದ್ದಾಂ ಹಿಡಿದುಕೊಳ್ಳಲಿಲ್ಲ ಎಂಬುದರಲ್ಲೇ ಪ್ರೇಮಪ್ರಕರಣಗಳು ಹುಟ್ಟಿ, ತಾಲ್ಲೂಕು ಆಫೀಸಿನ ಸ್ಟಾಪು ಬರುವ ಮೊದಲೇ ಮುಗಿಯುತ್ತವೆ. ಇದಕ್ಕಿಂತ ಒಳ್ಳೆಯ ಚಿತ್ರಕಥೆ ಯಾರು ಬರೆದಾರು? ಆದರೆ ನಮ್ಮ ಹೀರೋ ಬಸ್ಸು ಹತ್ತುವುದೇ ಫೈಟಿಗೆ.

ಬಸ್ಸಿನ ಇಂಥ ಹುಡುಗರನ್ನು ತೆರೆಯ ಮೇಲೆ ಕಾಣಲು ಸ್ವಲ್ಪ ದೂರ ಹೋಗಬೇಕು. ಉತ್ತರ ಮ್ಯಾಸಿಡೋನಿಯಾ ಎಂಬ ದೇಶವಿದೆ, ಗ್ರೀಸಿನ ತಲೆಯ ಮೇಲೆ. 2021ರ ಗಣತಿಯಲ್ಲಿ ಅಲ್ಲಿನ ಜನ ಸುಮಾರು 18 ಲಕ್ಷ 37 ಸಾವಿರ. ನಮ್ಮ ಧಾರವಾಡ ಜಿಲ್ಲೆ 2011ರ ಗಣತಿಯಲ್ಲಿ 18 ಲಕ್ಷ 47 ಸಾವಿರ. ಎಂದರೆ ಕಲಘಟಗಿ, ಕುಂದಗೋಳ, ನವಲಗುಂದ ಎಲ್ಲ ಕೂಡಿಸಿದರೆ ಒಂದು ದೇಶಕ್ಕೆ ಸಾಕಾಗಿ ಹತ್ತು ಸಾವಿರ ಮಂದಿ ಉಳಿಯುತ್ತಾರೆ. ಅಷ್ಟು ಪುಟ್ಟ ದೇಶದ ‘ಬಿಫೋರ್ ದ ರೇನ್’ 1994ರಲ್ಲಿ ವೆನಿಸ್‌ನ ಚಿನ್ನದ ಸಿಂಹ ಗೆದ್ದಿತು. ಜೇನು ಕೀಳುವ ಹೆಂಗಸೊಬ್ಬಳ ಕುರಿತ ‘ಹನಿಲ್ಯಾಂಡ್’ ಎರಡು ಆಸ್ಕರ್ ವಿಭಾಗಗಳಲ್ಲಿ ಅಂತಿಮ ಸುತ್ತಿಗೆ ಹೋಯಿತು. ಪ್ರಶಸ್ತಿಗಳ ಮಾತು ಹಾಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಹುಡುಗರು.

2025ರ ‘ಡಿಜೆ ಅಹ್ಮೆತ್’ ಎಂಬ ಚಿತ್ರವನ್ನು ಸೋದರಳಿಯನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಗಿಯೋರ್ಗಿ ಉಂಕೊವ್‌ಸ್ಕಿ ಅದರ ನಿರ್ದೇಶಕ. ಅಹ್ಮೆತ್‌ಗೆ ಹದಿನೈದು. ತುರ್ಕಿ ಮಾತಾಡುವ ಯೂರುಕ್ ಜನರ ಹಳ್ಳಿ. ತಾಯಿ ಇಲ್ಲ, ತಮ್ಮ ಮಾತು ಬಿಟ್ಟಿದ್ದಾನೆ, ಅಪ್ಪ ಶಾಲೆ ಬಿಡಿಸಿ ಕುರಿ ಕಾಯಲು ಹಚ್ಚಿದ್ದಾನೆ. ಹುಡುಗನಿಗೆ ಮಾತ್ರ ಸಂಗೀತದ ಹುಚ್ಚು. ರಾತ್ರಿ ಕಾಡಿನಲ್ಲಿ ಪೇಟೆಯ ಹುಡುಗರು ಡಿಜೆ ಹಚ್ಚಿ ಕುಣಿಯುತ್ತಿದ್ದರೆ ಇವನೂ ಇವನ ಕುರಿಗಳೂ ಅದರ ನಡುವೆ ನುಗ್ಗುತ್ತಾರೆ. ಜರ್ಮನಿಯಿಂದ ಬಂದ ಆಯಾ ಎಂಬ ಹುಡುಗಿಯ ಮೇಲೆ ಮನಸ್ಸು. ಅವಳ ಮದುವೆ ಬೇರೆಯವನೊಂದಿಗೆ ಗೊತ್ತಾಗಿದೆ. ಅಹ್ಮೆತ್ ಆಗಿ ನಟಿಸಿದ ಅರಿಫ್ ಯಾಕುಪ್‌ನ ಮುಖದಲ್ಲಿ ಅಭಿನಯ ಎಂಬುದೇ ಕಾಣುವುದಿಲ್ಲ. ಬೈಗುಳ ತಿಂದ ಹುಡುಗ ಹೇಗೆ ನಿಲ್ಲುತ್ತಾನೋ ಹಾಗೆ ನಿಂತಿದ್ದಾನೆ.

ನೋಡುತ್ತಾ ನೋಡುತ್ತಾ ನನಗೆ, ಅರೆ, ಇದು ನಮ್ಮ ಕಡೆಯ ಕಥೆಯಲ್ಲವೇ ಅನಿಸಿತು. ಸುಗ್ಗಿ ಮುಗಿದ ಮೇಲೆ ಹೆಬ್ಬಳ್ಳಿ ಸುತ್ತಿನ ಹೊಲಗಳಲ್ಲಿ ಕುರಿ ಹಿಂಡು ತರುಬುತ್ತಾರೆ. ಗೊಬ್ಬರಕ್ಕಾಗಿ ಹೊಲದವರು ಕುರುಬರಿಗೆ ಕಾಳುಕಡಿ ಕೊಡುತ್ತಾರೆ. ಹಿಂಡಿನ ಹಿಂದೆ ನಡೆಯುವ ಹುಡುಗನ ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಬ್ಲೂಟೂತು. ಡಿಜೆಯಂತೂ ಕೇಳಬೇಡಿ. ಹುಬ್ಬಳ್ಳಿಯ ಗಣಪತಿ ಮೆರವಣಿಗೆಯ ರಾತ್ರಿ ಕಿಟಕಿ ಗಾಜುಗಳು ಅದುರುತ್ತವೆ. ಜಮಖಂಡಿ, ಮುಧೋಳ, ಅಥಣಿ ಕಡೆಯ ಹುಡುಗರು ಸಣ್ಣ ಸ್ಟುಡಿಯೋಗಳಲ್ಲಿ ಜಾನಪದ ಡಿಜೆ ಹಾಡು ಮಾಡಿ, ಕಬ್ಬಿನ ಗದ್ದೆಯಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಬಿಡುತ್ತಾರೆ. ಹಗಲು ಮುಳುಗುವುದರೊಳಗೆ ಟ್ರ್ಯಾಕ್ಟರ್ ಟ್ರ್ಯಾಕ್ಟರಿನಲ್ಲೂ ಅದೇ ಹಾಡು. ಸಾಹಿತ್ಯ ಕೇಳಿದರೆ ಕನ್ನಡ ಮೇಷ್ಟ್ರ ಕಿವಿ ಕೆಂಪಾಗುತ್ತದೆ, ನಿಜ. ಹುಡುಗಿ ಕೈಕೊಟ್ಟಳು, ಮಾವನ ಮಗನನ್ನು ಕಟ್ಟಿಕೊಂಡಳು, ನಾನು ಕುಡಿದೆ: ಇಷ್ಟೇ ವಸ್ತು. ಆದರೂ ಅಲ್ಲಿನ ಮಾತು, ಮೈಕಟ್ಟು, ಮೋಟಾರ್‌ಸೈಕಲ್ಲು, ಸಾಲ ಎಲ್ಲವೂ ಸಾಚಾ. ನನ್ನ ತರಗತಿಯ ಹುಡುಗರು ಬೆಂಗಳೂರಿನ ಸಿನಿಮಾಕ್ಕಿಂತ ಈ ಹಾಡುಗಳಲ್ಲೇ ತಮ್ಮನ್ನು ಹೆಚ್ಚು ಕಂಡುಕೊಂಡರೆ ಅವರನ್ನು ಬೈಯುವ ಮುಖ ನನಗಿಲ್ಲ.

ಮ್ಯಾಸಿಡೋನಿಯಾದ ಇನ್ನೊಬ್ಬ ಹುಡುಗ ನನ್ನನ್ನು ಬೇರೆ ರೀತಿ ಕಾಡಿದ. 2004ರ ‘ಮಿರಾಜ್’, ನಿರ್ದೇಶಕ ಸ್ವೆಟೋಜಾರ್ ರಿಸ್ಟೊವ್‌ಸ್ಕಿ. ವೆಲೆಸ್ ಎಂಬ ಪಟ್ಟಣದ ಮಾರ್ಕೊ ಕವಿತೆ ಬರೆಯುತ್ತಾನೆ. ಕುಡುಕ ಅಪ್ಪ, ಶಾಲೆಯಲ್ಲಿ ದಿನಾ ಬಡಿಯುವ ಪುಂಡರು. ಭಾಷೆಯ ಮೇಷ್ಟ್ರು ಬೆನ್ನು ತಟ್ಟಿ, ಸ್ಪರ್ಧೆಯಲ್ಲಿ ಗೆದ್ದರೆ ಪ್ಯಾರಿಸ್ಸಿಗೆ ಹೋಗಬಹುದು ಎಂದು ಆಸೆ ಹಚ್ಚುತ್ತಾನೆ. ಬೇಕಾದ ಹೊತ್ತಿಗೆ ಅದೇ ಮೇಷ್ಟ್ರು ಹಿಂದೆ ಸರಿಯುತ್ತಾನೆ. ಹುಡುಗ ಕೆಡುತ್ತಾ ಹೋಗುವುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಕವಿತಾ ಸ್ಪರ್ಧೆಗೆ ಮಕ್ಕಳ ಹೆಸರು ಬರೆದು ಕಳಿಸುವ ಕೆಲಸ ನನ್ನದೂ ಆಗಿರುವುದರಿಂದ ಆ ಮೇಷ್ಟ್ರ ಮುಖವನ್ನು ನೋಡುವುದು ಕಷ್ಟವಾಯಿತು. ಅದೇ ವೆಲೆಸ್ 2016ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ಚುನಾವಣೆಯ ಕುರಿತು ಸುಳ್ಳು ಸುದ್ದಿ ಹಬ್ಬಿಸುವ ನೂರಕ್ಕೂ ಹೆಚ್ಚು ಜಾಲತಾಣಗಳು ಅಲ್ಲಿಂದ ನಡೆಯುತ್ತಿದ್ದವು. ನಡೆಸುತ್ತಿದ್ದವರಲ್ಲಿ ಎಷ್ಟೋ ಮಂದಿ ಹದಿಹರೆಯದವರು. ರಾಜಕೀಯ ಅವರಿಗೆ ಬೇಕಿರಲಿಲ್ಲ, ಜಾಹೀರಾತಿನ ದುಡ್ಡು ಬೇಕಿತ್ತು. ಕಾರ್ಖಾನೆ ಮುಚ್ಚಿದ ಊರಿನಲ್ಲಿ ಹುಡುಗರು ಏನು ಮಾಡಬಹುದು ಎಂಬುದನ್ನು ಸಿನಿಮಾ ಹನ್ನೆರಡು ವರ್ಷ ಮೊದಲೇ ನೋಡಿಟ್ಟಿತ್ತು ಅನಿಸುತ್ತದೆ.

ನಮ್ಮಲ್ಲಿ ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. 2015ರ ‘ತಿಥಿ’ ಇದೆಯಲ್ಲ! ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ಊರಿನವರೇ ನಟರು, ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ಲೊಕಾರ್ನೊದಲ್ಲಿ ಪ್ರಶಸ್ತಿ. ಎಲ್ಲರೂ ಅದರ ಮುದುಕರನ್ನು ನೆನೆದು ಸೆಂಚುರಿ ಗೌಡ, ಗಡ್ಡಪ್ಪ ಎನ್ನುತ್ತಾರೆ. ನನಗೆ ಮಾತ್ರ ಆ ಚಿತ್ರ ಸೆಂಚುರಿ ಗೌಡನ ಮರಿಮಗ ಅಭಿಯದು. ಮುತ್ತಜ್ಜನ ತಿಥಿಯೂಟಕ್ಕೆ ಕುರಿ ತರುವ ಕೆಲಸ ಹೇಳಿದರೆ ಇವನ ಕಣ್ಣೆಲ್ಲ ಕುರಿಗಾಹಿ ಹುಡುಗಿ ಕಾವೇರಿಯ ಮೇಲೆ. ಕೈಯಲ್ಲಿ ಮೊಬೈಲು, ಕೆಲಸದಲ್ಲಿ ಬೇಜವಾಬ್ದಾರಿ, ಮಾತಿಗೆ ಸಿಕ್ಕಿದರೆ ಸುಳ್ಳು. ಚಿತ್ರ ಅವನನ್ನು ತಿದ್ದಲು ಹೋಗುವುದಿಲ್ಲ, ಅವನಿಂದ ಊರನ್ನು ತಿದ್ದಿಸುವುದೂ ಇಲ್ಲ. ಹದಿಹರೆಯದವನನ್ನು ಮೂಲೆಯಲ್ಲಿ ನಿಲ್ಲಿಸಿದಾಗಲೇ ಅವನು ಅಷ್ಟು ಸರಿಯಾಗಿ ಕಂಡ.

ನಮ್ಮ ಕಡೆಯ ಮಾತಿನಲ್ಲಿ 2025ರಲ್ಲಿ ‘ಹೆಬ್ಬುಲಿ ಕಟ್’ ಬಂತು, ಭೀಮರಾವ್ ಅವರ ಚಿತ್ರ. ಸುದೀಪ್ ‘ಹೆಬ್ಬುಲಿ’ಯಲ್ಲಿ ಬಿಟ್ಟ ಕೂದಲಿನ ಹಾಗೆ ಕಟಿಂಗ್ ಮಾಡಿಸಿಕೊಳ್ಳಬೇಕೆಂದು ಹುಡುಗನಿಗೆ ಆಸೆ, ಕ್ಷೌರದ ಕುರ್ಚಿಗೂ ಅವನಿಗೂ ನಡುವೆ ಜಾತಿ. ಹದಿಹರೆಯ ಎಂದರೆ ಮೊದಲು ಕೂದಲು ಎಂಬುದನ್ನು ಬಲ್ಲವರು ಮಾಡಿದ ಸಿನಿಮಾ ಇದು. ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಹೆಡ್‌ಮಾಸ್ತರರೊಬ್ಬರು, ನಮ್ಮ ಶಾಲೆಯ ಹುಡುಗರಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ ಎಂದು ಕ್ಷೌರದಂಗಡಿಗೆ ಪತ್ರವನ್ನೇ ಬರೆದಿದ್ದರು. ಆ ಪತ್ರವೂ ಈ ಚಿತ್ರವೂ ಒಂದೇ ತಲೆಯ ಮೇಲಿನ ಜಗಳ. ಆದರೆ ಯಾವ ತಲೆಗೆ ಕತ್ತರಿ ಮುಟ್ಟುತ್ತದೆ, ಯಾವುದಕ್ಕೆ ಮುಟ್ಟುವುದಿಲ್ಲ ಎಂಬುದು ಚಿತ್ರಕ್ಕೆ ಮಾತ್ರ ಗೊತ್ತಿತ್ತು. ಸೊಲ್ಲಾಪುರದ ಕಡೆಯ ನಾಗರಾಜ ಮಂಜುಳೆ ಹುಡುಗನ ಆಸೆಗೆ ಜಾತಿ ಅಡ್ಡ ಬರುವುದನ್ನೇ ಹಿಡಿದು ಮರಾಠಿಯಲ್ಲಿ ‘ಫ್ಯಾಂಡ್ರಿ’ ಮಾಡಿದ್ದು 2013ರಲ್ಲಿ. ವಿಜಯಪುರ, ಗದಗಿನ ಮೇಲೆ ಹುಬ್ಬಳ್ಳಿಗೆ ಬರುವ ರೈಲಿನಲ್ಲಿ ಕೂತಿದ್ದರೂ ಆ ಧೈರ್ಯ ಇಷ್ಟು ತಡ ಮಾಡುತ್ತಿರಲಿಲ್ಲ.

ತಡಕ್ಕೆ ಕಾರಣ ದೊಡ್ಡ ರಹಸ್ಯವೇನಲ್ಲ. ದುಡ್ಡು ಹಾಕುವವನು ಹೀರೋನ ಹೆಸರಿನ ಮೇಲೆ ಹಾಕುತ್ತಾನೆ. ಹದಿನಾರರ ಹುಡುಗನಿಗೆ ಹೆಸರಿಲ್ಲ. ಭಾಷೆಯದು ಇನ್ನೊಂದು ಗೋಳು. ನಮ್ಮ ಮಾತು ಬಹುಕಾಲ ತೆರೆಗೆ ಬಂದದ್ದು ನಗಿಸಲಿಕ್ಕೆ, ಇಲ್ಲವೇ ಹೆದರಿಸಲಿಕ್ಕೆ. ಅಡುಗೆಭಟ್ಟ, ಕುಡುಕ, ಖಳನ ಬಂಟ. 2006ರಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನ ಸಿನಿಮಾವೇ ಬಂತು, ಹೀರೋ ಪೊಲೀಸ್. ಆಮೇಲೆ ‘ಯುವರತ್ನ’ದ ಚಿತ್ರೀಕರಣಕ್ಕೆ ಧಾರವಾಡದ ಕರ್ನಾಟಕ ಕಾಲೇಜೇ ಆಯಿತು, ಕಲ್ಲಿನ ಕಟ್ಟಡ ತೆರೆಗೆ ಹೋಯಿತು, ಕಾಲೇಜಿನ ಮಾತು ಹೋಗಲಿಲ್ಲ. ಬೀದರಿನ ವೈಜನಾಥ ಬಿರಾದಾರ ಎಷ್ಟೋ ಚಿತ್ರಗಳಲ್ಲಿ ಭಿಕ್ಷುಕನಾಗಿಯೇ ಸವೆದರು. ಅವರೊಳಗಿನ ನಟನನ್ನು ಕಾಣಲು ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ ಬರಬೇಕಾಯಿತು, ಸ್ಪೇನಿನಲ್ಲಿ ಪ್ರಶಸ್ತಿಯೂ ಸಿಗಬೇಕಾಯಿತು.

ಈ ವರ್ಷ ಪಾಠ ಬದಿಗಿಟ್ಟು ತರಗತಿಯಲ್ಲಿ ‘ತಿಥಿ’ ಹಾಕಿದೆ. ಹುಡುಗರು ಅಭಿಯ ಪ್ರತಿ ಸುಳ್ಳಿಗೂ ಬೆಂಚು ಬಡಿದರು. ‘ಇಂವಾ ನಮ್ಮವನ ರೀ ಸರ್’ ಎಂದು ಸರ್ಟಿಫಿಕೇಟು ಕೊಟ್ಟರು. ಮುಗಿದ ಮೇಲೆ ಹೆಬ್ಬಳ್ಳಿಯ ಹುಡುಗಿಯೊಬ್ಬಳು ಎದ್ದು, ‘ಸರ್, ಆ ಹುಡುಗಿ ಮನಿಯೊಳಗ ಏನಂತಾರ ಅನ್ನೋದು ತೋರಿಸಲೇ ಇಲ್ಲಲ್ರಿ’ ಎಂದಳು. ನಾನು ಡೀನಾ ಡುಮಾ ಎಂಬ ಮ್ಯಾಸಿಡೋನಿಯಾದ ನಿರ್ದೇಶಕಿಯ ‘ಸಿಸ್ಟರ್‌ಹುಡ್’ ಚಿತ್ರದ ಕಥೆ ಹೇಳಿದೆ: ಇಬ್ಬರು ಗೆಳತಿಯರು, ಸಹಪಾಠಿಯ ಒಂದು ವಿಡಿಯೋ ಎಲ್ಲರಿಗೂ ಹೋಗುತ್ತದೆ, ಆ ಹುಡುಗಿ ಉಳಿಯುವುದಿಲ್ಲ. ವೈದೇಹಿಯವರ ಕಥೆಗಳಿಂದ ಚಂಪಾ ಶೆಟ್ಟಿ ಮಾಡಿದ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರದ ಹೆಸರನ್ನೂ ಹೇಳಿದೆ. ‘ಅದು ಕರಾವಳಿದಲ್ರಿ, ನಮ್ಮದ್ಯಾವುದೈತ್ರಿ?’ ಎಂದಳು. ಉತ್ತರ ಇರಲಿಲ್ಲವಾದ್ದರಿಂದ, ‘ನೀವs ಮಾಡ್ರಿ’ ಎಂದುಬಿಟ್ಟೆ. ಮೇಷ್ಟ್ರುಗಳ ಹಳೆಯ ಉಪಾಯ.

ಅವರು ಅದನ್ನು ನಿಜ ಎಂದು ಹಿಡಿದರು. ಮೊಬೈಲಿನಲ್ಲಿ ಐದು ನಿಮಿಷದ ಚಿತ್ರ, ಜಾಗ ಹೆಬ್ಬಳ್ಳಿ ಬಸ್ಸು. ಮೊದಲ ದಿನವೇ ಜಗಳ: ಹುಡುಗರೆಲ್ಲರೂ ಹೀರೋ ಆಗಲು ತಯಾರು, ಅಪ್ಪನ ಪಾತ್ರಕ್ಕೆ ಒಬ್ಬನೂ ಇಲ್ಲ. ‘ಅಪ್ಪ ಅಂದ್ರ ಬರೀ ಬೈಯೂದ ರೀ, ಸ್ಟೆಪ್ಪಿಲ್ಲ, ಏನಿಲ್ಲ’ ಎಂದು ಒಬ್ಬ ತಕರಾರು ತೆಗೆದ. ಕೊನೆಗೆ ಅದೇ ಹುಡುಗಿ ಯಾರದೋ ತಲೆಯ ಕ್ಯಾಪು ಕಸಿದು ಹಾಕಿಕೊಂಡು, ವೇಲನ್ನು ಟವೆಲ್ಲಿನಂತೆ ಹೆಗಲಿಗೆ ಎಸೆದು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ‘ಫೋನಿನ್ಯಾಗ ಯಾರs ಅಂವಾ? ಇಲ್ಲಿ ಕೊಡು’ ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ ನಿಜವಾಗಿಯೂ ತನ್ನ ಫೋನನ್ನು ಕಿಸೆಗೆ ಇಳಿಸಿದ. ನಿರ್ದೇಶಕ ‘ಕಟ್’ ಎಂದು ಕೂಗಿದರೂ ಅಪ್ಪ ಬೈಯುವುದನ್ನು ನಿಲ್ಲಿಸಲಿಲ್ಲ; ಅವಳ ಹತ್ತಿರ ಇನ್ನೂ ಸಾಕಷ್ಟು ಸಂಭಾಷಣೆ ಇತ್ತು.