ಕರುಳಿನ ಒಂದು ಸಾಲು ಕೋಶ

ಸೆಪ್ಟೆಂಬರ್ 9, ಮಂಗಳವಾರ

ಮೂತ್ರದ ಸೋಂಕಿನಿಂದ ಐಸಿಯುಗೆ ಬಂದ ಅಜ್ಜಿಗೆ ಬಿಪಿ ನಿಲ್ಲುತ್ತಿಲ್ಲ. ಬಂದ ತಾಸಿನೊಳಗೇ ಬ್ಲಡ್ ಕಲ್ಚರ್ ತೆಗೆದು ಆಂಟಿಬಯೋಟಿಕ್ ಕೊಟ್ಟಾಗಿದೆ. ಬಿಪಿ ಎತ್ತುವ ನಾರ್‌ಅಡ್ರಿನಲಿನ್ ಏರಿಸುತ್ತಲೇ ಇದ್ದೇವೆ. ಸಂಜೆ ಹೊಟ್ಟೆ ಉಬ್ಬಿತು. "ಸೋಂಕು ಮೂತ್ರದ್ದ ಅಂದ್ರಿ, ಹೊಟ್ಟಿ ಯಾಕ ಉಬ್ಬೇತ್ರಿ ಸರ?" ಎಂದು ಮಗ ಕೇಳಿದರು. ನಿಂತಲ್ಲೇ ಕೊಟ್ಟ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಬಿಪಿ ಬಿದ್ದಾಗ ದೇಹ ಹೃದಯಕ್ಕೆ, ಮಿದುಳಿಗೆ ಮೊದಲು ರಕ್ತ ಕಳಿಸುತ್ತದೆ. ಕರುಳಿನ ಪಾಲು ತಗ್ಗುತ್ತದೆ, ಕರುಳು ಸೋಲುತ್ತದೆ; ಹೊಟ್ಟೆ ಉಬ್ಬುವುದು ಅದಕ್ಕೇ. ಕರುಳಿನೊಳಗಿನ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳನ್ನು ನಮ್ಮಿಂದ ದೂರ ಇಟ್ಟಿರುವುದು ಲೋಳೆ ಮತ್ತು ಒಂದೇ ಸಾಲು ಕೋಶ. 3ರಿಂದ 5 ದಿನಗಳಲ್ಲಿ ಪೂರ್ತಿ ಹೊಸದಾಗುವ ಸಾಲು ಅದು. ಕೋಶಗಳ ನಡುವಿನ ಸಂದುಗಳನ್ನು ಆಕ್ಲುಡಿನ್, ಕ್ಲಾಡಿನ್ ಎಂಬ ಪ್ರೋಟೀನುಗಳು ಬಿಗಿದಿರುತ್ತವೆ.

ಸೆಪ್ಟೆಂಬರ್ 10, ಬುಧವಾರ

ನಿನ್ನೆಯ ಪ್ರಶ್ನೆ ಬಿಡುತ್ತಿಲ್ಲ. ಸೋಂಕು ಕಂಡ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಎಂಬ ಉರಿಯೂತದ ಸಂಕೇತಗಳನ್ನು ಸುರಿಸುತ್ತವೆ. ಕಾಲಿನ ಒಂದು ಗಾಯಕ್ಕೆ ಅದೇ ರಕ್ಷೆ. ಉರಿಯೂತ ಮೈಯೆಲ್ಲ ಹಬ್ಬಿದಾಗ, ಅಂದರೆ ಸೆಪ್ಸಿಸ್‌ನಲ್ಲಿ, ಅದೇ ಟಿಎನ್‌ಎಫ್ ಕರುಳಿನ ಸಂದುಗಳನ್ನು ಸಡಿಲಿಸುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಬೀಸಿ ಬ್ಯಾಕ್ಟೀರಿಯಾ ಹಿಡಿಯುತ್ತವೆ ಎಂಬುದು 2004ರಲ್ಲಿ ತಿಳಿಯಿತು. ಬ್ಯಾಕ್ಟೀರಿಯಾ ಕೊಲ್ಲಲೆಂದು ಆ ಬಲೆಯಲ್ಲಿರುವ ಹಿಸ್ಟೋನ್, ಎಲಾಸ್ಟೇಸ್ ಪ್ರೋಟೀನುಗಳು ನಮ್ಮ ಕೋಶಗಳನ್ನೂ ಬಿಡುವುದಿಲ್ಲ. ಇತ್ತ ಕರುಳನ್ನು ಕಾಯುವ ಲಿಂಫೋಸೈಟ್‌ಗಳು ಗುಂಪುಗುಂಪಾಗಿ ಸಾಯುತ್ತವೆ. ಉರಿಯೂತವೂ ನಿಶ್ಶಕ್ತಿಯೂ ಒಂದೇ ಮೈಯಲ್ಲಿ, ಒಂದೇ ಹೊತ್ತಿಗೆ! 1990ರ ದಶಕದಲ್ಲಿ ಟಿಎನ್‌ಎಫ್ ತಡೆಯುವ ಔಷಧಿಗಳ ಮೇಲಿಟ್ಟ ಆಸೆ ಕೈಗೂಡದಿರಲು ಇದೂ ಕಾರಣವೆಂದೇ ನಾನು ತಿಳಿದಿದ್ದೇನೆ. ಸೆಪ್ಸಿಸ್ ಆದ ಇಲಿಗಳಲ್ಲಿ ಕರುಳಿನ ಕೋಶಗಳ ಸಾವನ್ನಷ್ಟೇ ತಡೆದಾಗಲೂ ಬದುಕುಳಿದವುಗಳ ಸಂಖ್ಯೆ ಹೆಚ್ಚಾಯಿತು. ಆ ಒಂದು ಸಾಲಿಗೆ ಅಷ್ಟು ಬೆಲೆಯಿದೆ.

ಸೆಪ್ಟೆಂಬರ್ 12, ಶುಕ್ರವಾರ

ಬಿಪಿ ಹಿಡಿಯಿತು. ಹೊಟ್ಟೆ ಮೆತ್ತಗಾಗಿದೆ. ಮೂಗಿನ ರೈಲ್ಸ್ ಟ್ಯೂಬಿನಲ್ಲಿ ಸ್ವಲ್ಪ ಸ್ವಲ್ಪವೇ ಫೀಡ್ ಶುರು ಮಾಡಿದೆವು. "ಹೊಟ್ಟಿ ಖಾಲಿ ಇಟ್ರ ಚಲೋ ಅಲ್ಲೇನ್ರಿ?" ಎಂದರು ಮಗಳು. ಇಲ್ರೀ ಅಕ್ಕಾ, ಕರುಳಿನ ಕೋಶಗಳಿಗೆ ಒಂದಷ್ಟು ಪೋಷಣೆ ಒಳಗೆ ಹಾಯುವ ಆಹಾರದಿಂದಲೇ ಸಿಗುತ್ತದೆ, ಬರಿದಾಗಿ ಬಿಟ್ಟರೆ ಒಳಪದರ ತೆಳುವಾಗುತ್ತದೆ ಎಂದೆ. ಸಾಧ್ಯವಿದ್ದವರಿಗೆ 72 ಗಂಟೆಯೊಳಗೆ ಫೀಡ್ ಶುರು ಮಾಡಿ ಎನ್ನುತ್ತದೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ.

2017ರಲ್ಲಿ ಜಗತ್ತಿನಲ್ಲಿ ಸೆಪ್ಸಿಸ್‌ಗೆ ಸಂಬಂಧಿಸಿದ ಸಾವುಗಳು ಸುಮಾರು 1.1 ಕೋಟಿ. ಅಜ್ಜಿಯ ಮಕ್ಕಳಿಬ್ಬರಿಗೂ ಇವತ್ತು ಒತ್ತಿ ಹೇಳಿದೆ: ಜ್ವರದ ಜೊತೆ ಮಾತು ಗೊಂದಲವಾದರೆ, ಏದುಸಿರು ಬಂದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ.