ಮಿಣುಕಿದ ‘ಡಿ’ ಅಕ್ಷರ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ವಿಜಯವಾಡಕ್ಕೆ ನೀವು ರೈಲಿನಲ್ಲಿ ಎಷ್ಟೋ ಸಲ ಹೋಗಿರುತ್ತೀರಿ. 2024ರ ಕಾರ್ತೀಕ ಮಾಸದಲ್ಲಿ ಆ 350 ಕಿಲೋಮೀಟರ್ ದಾರಿಯನ್ನು ನಾವು ಹಳೆಯ ಕಾರಿನಲ್ಲಿ ಕ್ರಮಿಸಿದ ಕಥೆ ಹೇಳುತ್ತೇನೆ, ಕೇಳಿ. ಬಿ.ಎ.ಯಲ್ಲಿ ಷೇಕ್ಸ್‌ಪಿಯರನನ್ನು ಓದಿದ ನನಗೆ ಗೇರ್‌ಬಾಕ್ಸಿನ ಪಾಠವಾದದ್ದು ಆ ದಾರಿಯಲ್ಲಿ.

ನಮ್ಮ ಅತ್ತೆಯವರಿಗೆ 84 ವರ್ಷ. ಹುಟ್ಟಿದ್ದು ಶಿವಮೊಗ್ಗದಲ್ಲಿ, ತುಂಗೆಯ ದಡದಲ್ಲಿ. “ಊರಿಗೆ ಹೋಗುವ ಶಕ್ತಿ ನನಗಿನ್ನಿಲ್ಲಪ್ಪ. ವಿಜಯವಾಡದಲ್ಲಿ ಕೃಷ್ಣೆಯ ನೀರನ್ನಾದರೂ ಮುಟ್ಟಿಸು” ಎಂದು ಮಗನನ್ನು ಕೇಳಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಕರ್ನೂಲು ದಾಟಿದ ಮೇಲೆ ಕೃಷ್ಣೆಯಲ್ಲಿ ಬೆರೆಯುತ್ತಾಳೆ. ವಿಜಯವಾಡದ ನೀರಿನಲ್ಲಿ ತವರಿನ ಪಾಲೂ ಇದೆ.

ಬೆಳಗಿನ ಐದಕ್ಕೆ ಹೊರಟೆವು. ಬೆಲ್ಲದ ಮಾರುಕಟ್ಟೆಗೆ ಹೆಸರಾದ ಅನಕಾಪಲ್ಲಿ ದಾಟಿತು, ತುನಿ ದಾಟಿತು. ಅನ್ನವರಂ ಬೆಟ್ಟದ ಸತ್ಯನಾರಾಯಣಸ್ವಾಮಿಗೆ ಕಾರಿನಿಂದಲೇ ಕೈಮುಗಿದದ್ದಾಯಿತು. ಅಷ್ಟರಲ್ಲಿ ಮೀಟರ್ ಫಲಕದ ಹಸಿರು ‘ಡಿ’ ಅಕ್ಷರ ಮಿಣುಕತೊಡಗಿತು. ನಮ್ಮದು 2008ರಲ್ಲಿ ಕೊಂಡ ಆಟೋಮ್ಯಾಟಿಕ್ ಕಾರು. ಅಂಥ ಹಲವು ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿಗೆಂದು ಬೇರೆ ಎಚ್ಚರಿಕೆ ದೀಪವಿಲ್ಲ. ಈ ‘ಡಿ’ ಮಿಣುಕಿದರೆ ಅದೇ ಎಚ್ಚರಿಕೆ. ಕಾರು ನಿಂತಲ್ಲಿಂದ ಹೊರಡುವಾಗ ತುಂಬು ಬಸುರಿಯ ಹಾಗೆ ಭಾರವಾಗಿ ಚಲಿಸಿತು, ಗೇರ್ ಬದಲಾಯಿಸಲೇ ಇಲ್ಲ.

ದಾರಿಯ ಒಂದು ಗ್ಯಾರೇಜಿನವರು ಬಾನೆಟ್ಟನ್ನೂ ಎತ್ತದೆ, “ಗೇರ್‌ಬಾಕ್ಸ್ ಹೋಯಿತು. 80 ಸಾವಿರ ಆಗುತ್ತದೆ” ಎಂದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ! ಕಾರನ್ನು ಮಾರಿದರೂ ಅಷ್ಟು ಬರುವುದು ಅನುಮಾನ; ಮೂಗಿಗಿಂತ ಮೂಗುತಿ ಭಾರ. ನಮ್ಮ ಯಜಮಾನರು ನಿವೃತ್ತರು, ಪಿಂಚಣಿಯ ಸಂಸಾರ. ಹಿಂದಿನ ಸೀಟಿನಿಂದ ಅತ್ತೆ, “ನನ್ನ ಒಂದು ಆಸೆಗೆ ನಿಮಗಿಷ್ಟು ಖರ್ಚು. ತಿರುಗಿಸಿ, ಮನೆಗೆ ಹೋಗೋಣ” ಎಂದಾಗ ನನ್ನ ಕರುಳು ಚುರುಕ್ಕೆಂದಿತು.

ಆಗ ನನಗೆ ನೆನಪಾದದ್ದು ನಮ್ಮ ಸಂಘದಲ್ಲೇ ಬೆಳೆದ ಒಬ್ಬ ಹುಡುಗ. ಈಗ ಮೆಕ್ಯಾನಿಕಲ್ ಇಂಜಿನಿಯರು. ಫೋನ್ ಮಾಡಿದೆ. “ಆಂಟಿ, ಗಾಬರಿ ಆಗಬೇಡಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ” ಎಂದು ವೈದ್ಯರ ಹಾಗೆ ಒಂದೊಂದೇ ಪ್ರಶ್ನೆ ಹಾಕಿದ. ಸುಟ್ಟ ವಾಸನೆ ಇದೆಯೇ? ಇಂಜಿನ್ ಸದ್ದು ಏರಿದರೂ ಕಾರು ಮುಂದೆ ಹೋಗದೆ ಜಾರುತ್ತದೆಯೇ? ಕೆಳಗೆ ಎಣ್ಣೆ ಸೋರಿದೆಯೇ? ಮೂರಕ್ಕೂ ಇಲ್ಲವೆಂದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕಾರಿನ ಪುಸ್ತಕದಲ್ಲಿ ಹೇಳಿದಂತೆ ಟ್ರಾನ್ಸ್‌ಮಿಷನ್ ಆಯಿಲಿನ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಲು ಹೇಳಿದ. ನನ್ನ ಕರವಸ್ತ್ರದ ಮೇಲೆ ಕುಂಕುಮದ ನೀರಿನಂಥ ಕೆಂಪು ಬಂತು; ಮಟ್ಟವೂ ಸರಿಯಾಗಿತ್ತು. “ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ, ಲೋಹದ ಪುಡಿ ಕಂಡಿದ್ದರೆ ಅಲ್ಲಿಂದಲೇ ಕಾರನ್ನು ಎಳೆಸಬೇಕಿತ್ತು. ಈಗ ಕಾರು ತನ್ನನ್ನು ಕಾಪಾಡಿಕೊಳ್ಳಲು ಒಂದೇ ಗೇರಿನಲ್ಲಿ ಹೋಗುತ್ತಿದೆ. ನಿಧಾನವಾಗಿ ವಿಜಯವಾಡದ ಆಟೋನಗರಕ್ಕೆ ಹೋಗಿ. ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸಲು ಯಾರಿಗೂ ಬಿಡಬೇಡಿ, ಕಾರಿನ ನೆನಪೂ ಅಳಿಸಿಹೋಗುತ್ತದೆ” ಎಂದ.

ನಿಧಾನವೂ ಒಂದು ಲಾಭವೇ. ರಾವುಲಪಾಲೆಂ ಬಳಿ ಗೌತಮಿ, ಮುಂದೆ ಸಿದ್ಧಾಂತಂ ಬಳಿ ವಸಿಷ್ಠ, ಹೀಗೆ ಗೋದಾವರಿಯ ಎರಡು ಶಾಖೆಗಳನ್ನು ಕಣ್ತುಂಬ ನೋಡಿದೆವು. ಏಲೂರು ಬಂತು. ಅದರ ಹತ್ತಿರದ ಪೆದವೇಗಿಯೇ ಹಿಂದಿನ ವೆಂಗಿ. ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಏಳನೆಯ ಶತಮಾನದಲ್ಲಿ ಪೂರ್ವ ಚಾಲುಕ್ಯರ ಆಳ್ವಿಕೆಗೆ ಅಡಿಪಾಯ ಹಾಕಿದ್ದು ಈ ಸೀಮೆಯಲ್ಲಿ. ಆದಿಕವಿ ಪಂಪನ ಪೂರ್ವಿಕರೂ ವೆಂಗಿನಾಡಿನವರು. ‘ನಾವು ಇಲ್ಲಿಯವರೋ, ಅಲ್ಲಿಯವರೋ’ ಎಂದು ನೀವು ನಮ್ಮನ್ನು ಕೇಳುತ್ತೀರಲ್ಲ, ಏಲೂರು ದಾಟುವಾಗ ಪಂಪನನ್ನು ನೆನೆಯಿರಿ.

ಆಟೋನಗರ ಎಂದರೆ ಬೀದಿಬೀದಿಯೂ ವರ್ಕ್‌ಶಾಪು, ಬಿಡಿಭಾಗಗಳ ಅಂಗಡಿ. ಅಲ್ಲಿ ನಮಗೆ ಸಿಕ್ಕ ಮೇಸ್ತ್ರಿಗೆ ಅರವತ್ತು ದಾಟಿರಬೇಕು. “ಭಯಪಡಕಂಡಿ ಅಮ್ಮಾ” ಎನ್ನುತ್ತಲೇ ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರು. ಎರಡು ಸಂಕೇತ ಬಂದವು. ಪಿ 0700 ಎಂದರೆ ‘ಗೇರ್‌ಬಾಕ್ಸಿನ ನಿಯಂತ್ರಣದಲ್ಲಿ ಏನೋ ತೊಂದರೆ’ ಎಂದಷ್ಟೇ. ಬಾಗಿಲು ಬಡಿದ ಸದ್ದಿನ ಹಾಗೆ. ಬಂದವರು ಯಾರೆಂದು ಹೇಳಿದ್ದು ಎರಡನೆಯದು, ಪಿ 0720. ಗೇರ್‌ಬಾಕ್ಸಿನಿಂದ ಹೊರಬರುವ ದಂಡದ ವೇಗ ಅಳೆಯುವ ಸೆನ್ಸರಿನ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದು ಅದರರ್ಥ. ವೇಗ ತಿಳಿಯದ ಕಂಪ್ಯೂಟರು ಗೇರ್ ಬದಲಾಯಿಸುವುದಾದರೂ ಹೇಗೆ?

ಅವರು ತಕ್ಷಣ ಸೆನ್ಸರ್ ಬದಲಿಸಲಿಲ್ಲ. ಸಂಕೇತ ತೋರಿಸುವುದು ತೊಂದರೆಯ ಬೀದಿಯನ್ನು, ಮನೆಯನ್ನಲ್ಲವಂತೆ. ಮೊದಲು ಬ್ಯಾಟರಿ ನೋಡಿದರು, ಆಮೇಲೆ ವೈರು. ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು! ನಮ್ಮ ಸಮುದ್ರದ ಉಪ್ಪುಗಾಳಿಯ ಕೊಡುಗೆ. ಆ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಊರು ಮುಳುಗಿದ ಮೇಲೆ ಇಂಥ ಕಿಲುಬು ಎಷ್ಟೋ ಕಾರುಗಳಲ್ಲಿ ನೋಡಿದೆ ಎಂದರು. ಕಿಲುಬು ತೆಗೆದು ಅಳೆದರೂ ಸೆನ್ಸರ್ ಸರಿಬರಲಿಲ್ಲ, ಆಗ ಬದಲಿಸಿದರು. ಸಂಕೇತ ಅಳಿಸಿ, ಒಂದು ಸುತ್ತು ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿದರು. ಏನೂ ಬರಲಿಲ್ಲ. ಒಟ್ಟು ಖರ್ಚು 3,200 ರೂಪಾಯಿ.

ಸಂಜೆ 1957ರ ಪ್ರಕಾಶಂ ಬ್ಯಾರೇಜಿನ ಬಳಿ, ಕನಕದುರ್ಗೆಯ ಬೆಟ್ಟದ ಕೆಳಗೆ, ಅತ್ತೆಯವರನ್ನು ಕೈಹಿಡಿದು ಮೆಟ್ಟಿಲು ಇಳಿಸಿದೆವು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು, “ಬಂದೆಯಾ ತಾಯಿ” ಎಂದರು. ತುಂಗೆಯನ್ನು ಕೇಳಿದರೋ ಕೃಷ್ಣೆಯನ್ನೋ, ನಾನು ವಿಚಾರಿಸಲಿಲ್ಲ.

ಮಕ್ಕಳೇ, ನಿಮ್ಮ ಮನೆಯ ಹಳೆಯ ಕಾರಿನಲ್ಲಿ ದೀಪ ಮಿಣುಕಿದರೆ ಹೆದರಲೂ ಬೇಡಿ, ಅಲಕ್ಷಿಸಲೂ ಬೇಡಿ. ಸಂಕೇತವನ್ನು ಬರೆದಿಟ್ಟುಕೊಳ್ಳಿ, ಪರೀಕ್ಷೆಗೆ ಮುನ್ನ ಹಣದ ಮಾತಿಗೆ ತಲೆಯಾಡಿಸಬೇಡಿ. ಮತ್ತೊಂದು ಮಾತು. ಅಂದು ಆ ಹುಡುಗನ ಕನ್ನಡದಲ್ಲಿ ಅರ್ಧ ತೆಲುಗು, ಕಾಲುಭಾಗ ಇಂಗ್ಲಿಷು ಇತ್ತು. ಆದರೂ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ನಮ್ಮತ್ತೆಗೂ ಅದು ಅರ್ಥವಾಯಿತು. ತಪ್ಪಾದೀತೆಂದು ನಾಚದೆ ನೀವೂ ಹಾಗೆಯೇ ಮಾತಾಡಿ. ಯಾವ ದಾರಿಯಲ್ಲಿ ಯಾರಿಗೆ ಬೇಕಾಗುತ್ತದೋ!